ಯುದ್ಧದ ಹಳೇ ಲಿಥೋಗ್ರಾಫ್‌ಗೆ ಏನಾಗಿದೆ? ಕೈಬಣ್ಣದ ಚಿತ್ರಗಳ ದೋಷ ಪತ್ತೆ ಹಚ್ಚುವ ಕೈಪಿಡಿ

ಕುದುರೆ ಮೇಲೆ ಕತ್ತಿ ಎತ್ತಿದ ಸೇನಾಪತಿ. ನೀಲಿ ಅಂಗಿಯ ಸೈನಿಕರ ಸಾಲು. ಹಿಂದೆ ಬೆಟ್ಟ, ಬೆಟ್ಟದ ತುದಿಯಲ್ಲಿ ಫಿರಂಗಿ ಹೊಗೆ. ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಯುದ್ಧದ ಹೆಸರು, ತಾರೀಕು. ಜೊತೆಗೆ ತೀರಾ ಸಣ್ಣ ಅಕ್ಷರದಲ್ಲಿ ಪ್ರಕಾಶಕರ ಹೆಸರು, ವಿಳಾಸ. 1846ರಿಂದ 1848ರವರೆಗೆ ಅಮೆರಿಕಕ್ಕೂ ಮೆಕ್ಸಿಕೊಗೂ ನಡೆದ ಯುದ್ಧದ ಲಿಥೋಗ್ರಾಫ್, ಅಂದರೆ ಕಲ್ಲಚ್ಚಿನ ಚಿತ್ರಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ. ನ್ಯೂಯಾರ್ಕಿನ ನಥಾನಿಯೆಲ್ ಕರಿಯರ್, ಹಾರ್ಟ್‌ಫರ್ಡಿನ ಕೆಲ್ಲಾಗ್ ಸೋದರರು ಇಂಥ ಹಾಳೆಗಳನ್ನು ರಾಶಿ ರಾಶಿ ಅಚ್ಚು ಹಾಕಿದರು. ಪತ್ರಿಕೆಯಲ್ಲಿ ಫೋಟೊ ಬಾರದ ಕಾಲ ಅದು. ಬ್ಯೂನಾ ವಿಸ್ಟಾ, ಸೆರೊ ಗೋರ್ಡೊ ಯುದ್ಧಗಳು ಹೇಗಿದ್ದಿರಬಹುದು ಅಂತ ಎಷ್ಟೋ ಮನೆಯವರು ಕಣ್ಣಾರೆ ನೋಡಿದ್ದು ಈ ಹಾಳೆಗಳಲ್ಲೇ.

ಇಂಥದ್ದೊಂದು ಕೈಗೆ ಬಂದಾಗ ಏನಾದರೊಂದು ತೊಂದರೆ ಇದ್ದೇ ಇರುತ್ತದೆ. ಕಂದು ಪಟ್ಟೆ, ತುಕ್ಕಿನ ಚುಕ್ಕೆ, ಮಂಕಾದ ಬಾವುಟ, ಅಲೆಯೆದ್ದ ಕಾಗದ. ಕೂಡಲೇ ಒರೆಸಬೇಕು, ತೊಳೆಯಬೇಕು ಅನ್ನಿಸುತ್ತದೆ. ದಯವಿಟ್ಟು ತಡೆಯಿರಿ. ತೊಂದರೆ ಕಾಣುವುದು ಚಿತ್ರದ ಮುಖದಲ್ಲಿ. ಅದರ ಕಾರಣ ಮಾತ್ರ ಹೆಚ್ಚಿನ ಸಲ ಚಿತ್ರದ ಬೆನ್ನಿಗೆ ಅಂಟಿಕೊಂಡಿರುತ್ತದೆ. ಕಾರಣವನ್ನು ಹಾಗೇ ಬಿಟ್ಟು ಕಲೆ ತೆಗೆದರೆ ಕಲೆ ಮತ್ತೆ ಬರುತ್ತದೆ. ತೆಗೆಯುವಾಗ ಹೋದ ಬಣ್ಣ ಮಾತ್ರ ಮತ್ತೆ ಬರುವುದಿಲ್ಲ.

ಹಾಳೆ ಯಾವುದರಿಂದ ಆಗಿದೆ

ದೋಷ ಗುರುತಿಸೋಕೆ ಮೊದಲು ಇದು ಗೊತ್ತಿರಬೇಕು. ಲಿಥೋಗ್ರಾಫ್ ಅಂದರೆ ಕಲ್ಲಿನ ಮೇಲೆ ಬರೆದು ತೆಗೆದ ಅಚ್ಚು. 1790ರ ದಶಕದ ಕೊನೆಯಲ್ಲಿ ಬವೇರಿಯಾದಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಇದನ್ನು ಕಂಡುಹಿಡಿದ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಅನ್ನುವುದೇ ಇದರ ಗುಟ್ಟು. ಉಜ್ಜಿ ಸಮ ಮಾಡಿದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯುತ್ತಾರೆ. ಗೋಂದು, ಆಮ್ಲ ಸೇರಿಸಿ ಸವರಿ, ಕಲ್ಲನ್ನು ಒದ್ದೆ ಮಾಡಿ, ಮೇಲೆ ಎಣ್ಣೆಶಾಯಿಯ ರೋಲರ್ ಉರುಳಿಸುತ್ತಾರೆ. ಬರೆದ ಜಾಗಕ್ಕೆ ಶಾಯಿ ಹತ್ತುತ್ತದೆ, ಒದ್ದೆ ಜಾಗಕ್ಕೆ ಹತ್ತುವುದಿಲ್ಲ. ಅಚ್ಚಾಗಿ ಬರುವುದು ಕಪ್ಪು ಬಿಳುಪು ಚಿತ್ರ. ಆಮೇಲೆ ಒಂದೊಂದು ಹಾಳೆಗೂ ಕೈಯಲ್ಲಿ ಜಲವರ್ಣ ಹಚ್ಚುತ್ತಾರೆ. ಕರಿಯರ್ ಅವರ ಅಚ್ಚುಮನೆಯಲ್ಲಿ ಈ ಕೆಲಸಕ್ಕೆ ಹೆಣ್ಣುಮಕ್ಕಳು ಉದ್ದ ಮೇಜಿನ ಸುತ್ತ ಕೂರುತ್ತಿದ್ದರು. ಒಬ್ಬರು ನೀಲಿ ಹಚ್ಚಿ ಪಕ್ಕಕ್ಕೆ ಸರಿಸಿದರೆ, ಮುಂದಿನವರು ಕೆಂಪು ಹಚ್ಚುತ್ತಿದ್ದರು.

ಅಂದರೆ ಒಂದೇ ಹಾಳೆಯಲ್ಲಿ ಮೂರು ಬೇರೆ ಬೇರೆ ಸ್ವಭಾವದ ವಸ್ತುಗಳಿವೆ. ಕಪ್ಪು ಗೆರೆ ಅಗಸೆ ಎಣ್ಣೆ ಮತ್ತು ಮಸಿಯಿಂದ ಆದದ್ದು. ಬೆಳಕಿಗೂ ಜಗ್ಗುವುದಿಲ್ಲ, ನೀರಿಗೂ ಜಗ್ಗುವುದಿಲ್ಲ. ಬಣ್ಣ ಗೋಂದಿನಲ್ಲಿ ಕಲಸಿದ್ದು. ನೀರು ತಾಗಿದರೆ ಕರಗುತ್ತದೆ, ಬೆಳಕು ಬಿದ್ದರೆ ಹಾರುತ್ತದೆ. ಕಾಗದ 1840ರ ದಶಕದ್ದಾದರೆ ಸಾಮಾನ್ಯವಾಗಿ ಹತ್ತಿ, ನಾರುಬಟ್ಟೆ ಚಿಂದಿಯಿಂದ ಮಾಡಿದ್ದು, ಸಾಕಷ್ಟು ಗಟ್ಟಿ. ಶತಮಾನದ ಕೊನೆಯ ಹೊತ್ತಿಗೆ ಮರದ ತಿರುಳಿನ ಕಾಗದ ಬಂತು, ಅದು ತಾನಾಗಿಯೇ ಹಳದಿಯಾಗಿ ಪುಡಿಯಾಗುತ್ತದೆ. ಯಾವುದೇ ತೊಂದರೆ ಕಂಡರೂ ಮೊದಲ ಪ್ರಶ್ನೆ ಇಷ್ಟೇ: ಕೆಟ್ಟಿರುವುದು ಗೆರೆಯೋ, ಬಣ್ಣವೋ, ಕಾಗದವೋ?

ಪರೀಕ್ಷೆಗೆ ಬೇಕಾದ್ದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚು, ಸಿಕ್ಕರೆ ಒಂದು ಯುವಿ (ನೇರಳಾತೀತ ಕಿರಣದ) ಟಾರ್ಚು, ಅಳತೆಪಟ್ಟಿ, ಪೆನ್ಸಿಲ್. ಪೆನ್ನು ಮೇಜಿನ ಮೇಲೂ ಬೇಡ. ಕೈ ತೊಳೆದು ಚೆನ್ನಾಗಿ ಒಣಗಿಸಿಕೊಳ್ಳಿ. ಹತ್ತಿಯ ಗ್ಲೌಸ್ ಹಾಕಿಕೊಂಡರೆ ಕಾಗದದ ಅಂಚು ಬೆರಳಿಗೆ ತಿಳಿಯುವುದಿಲ್ಲ, ಹರಿಯುವ ಸಾಧ್ಯತೆ ಜಾಸ್ತಿ. ಹಾಳೆಯನ್ನು ಒಂದು ಮೂಲೆ ಹಿಡಿದು ಎತ್ತಬೇಡಿ. ಕೆಳಗೆ ದಪ್ಪ ಹಾಳೆ ತೂರಿಸಿ ಅದರ ಸಮೇತ ಎತ್ತಿ.

ಒಂದು ಎಚ್ಚರಿಕೆ. ಆ ಕಾಲದ ಕಡು ಹಸಿರಿನಲ್ಲಿ ಆರ್ಸೆನಿಕ್ ಇರಬಹುದು. ಬಿಳಿ ಮತ್ತು ಕಿತ್ತಳೆಗೆಂಪಿನಲ್ಲಿ ಸೀಸ, ಕೆಂಪಿನಲ್ಲಿ ಪಾದರಸ ಇರಬಹುದು. ನೋಡೋದರಿಂದ ಏನೂ ಆಗುವುದಿಲ್ಲ. ಬಣ್ಣ ಪುಡಿ ಉದುರುತ್ತಿದ್ದರೆ ಊದಬೇಡಿ, ಬೆರಳಲ್ಲಿ ಉಜ್ಜಬೇಡಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ದೋಷದಂತೆ ಕಾಣುವ, ದೋಷವಲ್ಲದ ಸಂಗತಿಗಳು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಹುಟ್ಟುವಾಗಲೇ ಬಂದ ಗುರುತನ್ನು ಕಲೆ ಅಂದುಕೊಂಡು ಅಳಿಸಲು ಹೋಗಿಯೇ ಎಷ್ಟೋ ಹಾಳೆಗಳು ಕೆಟ್ಟಿವೆ.

ನೀಲಿ ಬಣ್ಣ ಅಂಗಿಯ ಗೆರೆ ದಾಟಿ ಪಕ್ಕದ ಕುದುರೆಯ ಕುತ್ತಿಗೆಗೆ ಹರಿದಿದೆಯೇ? ನೀರು ಬಿದ್ದಿರಬೇಕು ಅಂತ ಕೂಡಲೇ ತೀರ್ಮಾನಿಸಬೇಡಿ. ಭೂತಗನ್ನಡಿ ಹಿಡಿದು ಬಣ್ಣದ ಅಂಚು ನೋಡಿ. ಕುಂಚದ ಹೊಡೆತವಾದರೆ ಅಂಚು ಚೂಪಾಗಿ, ಒಂದೇ ದಿಕ್ಕಿಗೆ ಇರುತ್ತದೆ. ಹೊಡೆತ ಮುಗಿಯುವ ಕಡೆ ಬಣ್ಣ ತುಸು ಗಟ್ಟಿಯಾಗಿ ನಿಂತಿರುತ್ತದೆ. ನೀರಿನಿಂದ ಹರಡಿದ್ದರೆ ಅಂಚು ಮಬ್ಬಾಗಿ, ಎಳೆ ಎಳೆಯಾಗಿ ಕಾಗದದ ನಾರಿನೊಳಗೆ ಸೇರಿರುತ್ತದೆ. ಸಣ್ಣ ಹಾಳೆಗಳು ಕೆಲವೇ ಸೆಂಟ್‌ಗಳಿಗೆ ಮಾರಾಟವಾಗುತ್ತಿದ್ದವು. ಅಷ್ಟು ಕಡಿಮೆ ಬೆಲೆಗೆ ಬಣ್ಣ ಹಚ್ಚಬೇಕಾದರೆ ಕೈ ಓಡಲೇಬೇಕು. ಗೆರೆ ದಾಟಿದ ಬಣ್ಣ, ಬಣ್ಣ ಮುಟ್ಟದೆ ಉಳಿದ ಒಂದು ಮುಖ, ಹಿಂದಿನ ಸಾಲಿನ ಸೈನಿಕರಿಗೆಲ್ಲ ಒಂದೇ ಎಳೆತದ ನೀಲಿ, ಇವೆಲ್ಲ ಆ ಓಟದ ಗುರುತುಗಳು. ನನಗಂತೂ ಹಾಳೆಯಲ್ಲಿ ಅತ್ಯಂತ ಪ್ರಿಯವಾದವು ಇವೇ. ಹೊಗೆಯನ್ನು ಬಣ್ಣವೇ ಹಚ್ಚದೆ ಬರೀ ಕಾಗದದ ಬಿಳಿಯಾಗಿ ಬಿಡುವುದೂ ರೂಢಿಯೇ.

ಅದೇ ಚಿತ್ರದ ಇನ್ನೊಂದು ಪ್ರತಿಯಲ್ಲಿ ಸೇನಾಪತಿಯ ಜೀನು ಕೆಂಪಿದೆ, ನಿಮ್ಮದರಲ್ಲಿ ಹಳದಿ ಇದೆ. ಇದೂ ದೋಷವಲ್ಲ. ಎರಡು ಪ್ರತಿಗಳ ಬಣ್ಣ ಪೂರ್ತಿ ಒಂದೇ ಥರ ಇದ್ದರೆ ಆಗ ಅನುಮಾನ ಪಡಬೇಕು.

ಕಪ್ಪು ಬೂಟು, ಕುದುರೆಯ ಹೊಟ್ಟೆಯ ನೆರಳು, ಮುಂದಿನ ಬಂಡೆ, ಇಂಥ ಕಡೆ ಓರೆಯಾಗಿ ಟಾರ್ಚು ಹಿಡಿದರೆ ಪಳಪಳ ಹೊಳೆಯುವ ಪದರ ಕಾಣಬಹುದು. ಯಾರೋ ಅಂಟು ಚೆಲ್ಲಿದ್ದಾರೆ ಅನ್ನಿಸುತ್ತದೆ. ಅದು ಗೋಂದಿನ ಮೆರುಗು. ಗಾಢ ಜಾಗಕ್ಕೆ ಇನ್ನಷ್ಟು ಆಳ ಬರಲಿ ಅಂತ ಬಣ್ಣ ಹಚ್ಚುವವರೇ ಹಾಕಿದ್ದು. ನೆರಳಿನ ಆಕಾರವನ್ನೇ ಅನುಸರಿಸಿ ಹೊಳಪು ಇದ್ದರೆ ಅದು ಮೆರುಗು. ಚಿತ್ರದ ಆಕಾರಕ್ಕೂ ಹೊಳಪಿಗೂ ಸಂಬಂಧವೇ ಇಲ್ಲದಿದ್ದರೆ ಚೆಲ್ಲಿದ ಅಂಟು. ಮೆರುಗಿನಲ್ಲಿ ಬಲೆಯಂತೆ ಸಣ್ಣ ಬಿರುಕು ಇದ್ದರೆ ಹಾಳೆಯನ್ನು ಬಾಗಿಸಲೇಬೇಡಿ, ಚಕ್ಕೆ ಏಳುತ್ತದೆ.

ಚಿತ್ರದ ತುಂಬಾ ತಿಳಿ ಕಂದು ಛಾಯೆ, ಆದರೆ ಚಿತ್ರದ ಚೌಕಟ್ಟಿನ ಗೆರೆಗೆ ಸರಿಯಾಗಿ ನಿಂತುಬಿಟ್ಟಿದೆ, ಹೊರಗಿನ ಅಂಚು ಬೆಳ್ಳಗಿದೆ. ಇದು ಎರಡನೇ ಕಲ್ಲಿನಿಂದ ಅಚ್ಚಾದ ಛಾಯೆ ಇರಬಹುದು. ಕ್ರಿಮಿಯಾ ಯುದ್ಧವನ್ನು ಕಂಡು ಬರೆದ ವಿಲಿಯಂ ಸಿಂಪ್ಸನ್ ಅವರ ಚಿತ್ರಗಳನ್ನು 1855–56ರಲ್ಲಿ ಲಂಡನ್ನಿನ ಡೇ ಅಂಡ್ ಸನ್ ಹೀಗೆ ಛಾಯೆ ಕೊಟ್ಟೇ ಅಚ್ಚು ಹಾಕಿತು. ಅಂಥ ಹಾಳೆಯ ಆಕಾಶದಲ್ಲಿ ಅಲ್ಲಲ್ಲಿ ಛಾಯೆ ಇಲ್ಲದೆ ಬಿಳಿ ಉಳಿದಿದ್ದರೆ ಅದು ಮಾಸಿದ್ದಲ್ಲ. ಮೋಡ ಕಾಣಲಿ ಅಂತ ಕಲ್ಲಿನ ಮೇಲೆ ಕೆರೆದು ಬಿಟ್ಟ ಜಾಗ.

ಇನ್ನೊಂದು, ಮಡಿಕೆ. ಮಡಿಕೆಯ ಗುಂಟ ಭೂತಗನ್ನಡಿ ಓಡಿಸಿ. ಮಡಿಕೆ ಬಿಚ್ಚಿಕೊಂಡ ಕಡೆ ಶಾಯಿಯೇ ಇಲ್ಲದ ತೆಳು ಬಿಳಿ ಪಟ್ಟಿ ಕಂಡು, ಅದರ ಎರಡೂ ಬದಿಯ ಗೆರೆಗಳು ಶುದ್ಧವಾಗಿ ತುಂಡಾಗಿದ್ದರೆ, ಕಾಗದ ಅಚ್ಚಿನ ಯಂತ್ರದಲ್ಲೇ ಸುಕ್ಕಾಗಿತ್ತು ಅಂತ ಅರ್ಥ. ಆಮೇಲೆ ಯಾರೋ ಮಡಚಿದ್ದರೆ ಶಾಯಿ ಮಡಿಕೆಯ ನೆತ್ತಿಯಲ್ಲಿ ಸವೆದಿರುತ್ತದೆ, ಆದರೆ ಗೆರೆ ಆ ಕಡೆಯಿಂದ ಈ ಕಡೆಗೆ ಮುಂದುವರಿದಿರುತ್ತದೆ. ಯಂತ್ರದ ಸುಕ್ಕನ್ನು ನೇರ ಮಾಡಲು ಹೋದರೆ ಚಿತ್ರವೇ ಅಗಲವಾಗಿ ಬಿಳಿ ಸೀಳು ಕಾಣುತ್ತದೆ. ಬಿಟ್ಟುಬಿಡಿ.

ನಿಜವಾಗಿ ಹಳೆಯದೇ, ಕೈಬಣ್ಣದ್ದೇ?

ಚಿಕಿತ್ಸೆಯ ಮಾತಿಗೆ ಮೊದಲು ಇದು ಬೇಗ ಮುಗಿಯುವ ಪರೀಕ್ಷೆ. ಮುಖದ ನೆರಳಿನ ಮೇಲೆ ಭೂತಗನ್ನಡಿ ಇಡಿ. ಕಲ್ಲಿನ ತರಿಯಿಂದ ಬಂದ ಅಚ್ಚಾದರೆ ಕಪ್ಪು ಚುಕ್ಕೆಗಳು ಒಂದು ಸಣ್ಣ ಒಂದು ದೊಡ್ಡ, ಲೆಕ್ಕವಿಲ್ಲದೆ ಚೆದುರಿರುತ್ತವೆ. ಸಾಲಾಗಿ, ಹೂವಿನ ಎಸಳಿನ ವಿನ್ಯಾಸದಲ್ಲಿ ನೀಲಿ ಕೆಂಪು ಹಳದಿ ಚುಕ್ಕೆ ಕಂಡರೆ ಅದು ಆಫ್‌ಸೆಟ್, ಅಂದರೆ ಈಚಿನ ಯಂತ್ರದ ಮುದ್ರಣ. ಕ್ಯಾಲೆಂಡರ್‌ಗಾಗಿ ಇಂಥ ನಕಲುಗಳು ಬೇಕಾದಷ್ಟು ಬಂದಿವೆ. ಬಣ್ಣವೂ ಕಲ್ಲಿನ ತರಿಯಂತೆ ಚೆದುರಿದ ಚುಕ್ಕೆಯಾಗಿದ್ದರೆ ಅದು ಕ್ರೋಮೊಲಿಥೋಗ್ರಾಫ್. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಷಿಕಾಗೋದ ಕುರ್ಜ್ ಅಂಡ್ ಆಲಿಸನ್ 1880, 90ರ ದಶಕಗಳಲ್ಲಿ ತಂದ ಅಮೆರಿಕದ ಅಂತರ್ಯುದ್ಧದ ಚಿತ್ರಗಳು ಹೀಗಿವೆ. ಹಳೆಯವೇ, ಆದರೆ ಕೈಬಣ್ಣದವಲ್ಲ. ಅವುಗಳ ಬಣ್ಣ ಎಣ್ಣೆಶಾಯಿ, ಹಾಗಾಗಿ ಕೆಡುವ ರೀತಿಯೇ ಬೇರೆ.

ಯುವಿ ಟಾರ್ಚಿನ ಬೆಳಕಿನಲ್ಲಿ ಕಾಗದ ನೀಲಿಬಿಳಿಯಾಗಿ ಕಣ್ಣು ಕುಕ್ಕುವಂತೆ ಹೊಳೆದರೆ ಅದರಲ್ಲಿ ಬಿಳಿ ಹೊಳಪು ಕೊಡುವ ರಾಸಾಯನಿಕ ಇದೆ. ಅಂಥ ಕಾಗದ 20ನೇ ಶತಮಾನದ ಮಧ್ಯಭಾಗಕ್ಕಿಂತ ಹಳೆಯದಲ್ಲ. ಪ್ರಕಾಶಕರ ಹೆಸರನ್ನೂ ಓದಿ. ಜೇಮ್ಸ್ ಐವ್ಸ್ ಕರಿಯರ್ ಅವರ ಪಾಲುದಾರರಾಗಿದ್ದು 1857ರಲ್ಲಿ. 1847ರ ಹಾಳೆಯಲ್ಲಿ 'ಎನ್. ಕರಿಯರ್' ಅಂತ ಮಾತ್ರ ಇರಬೇಕು. 'ಕರಿಯರ್ ಅಂಡ್ ಐವ್ಸ್' ಅಂತ ಇದ್ದರೆ ಆ ಹಾಳೆ ಆ ವರ್ಷದ್ದಲ್ಲ. ಅಳತೆಯೂ ನೋಡಿ. ಕರಿಯರ್ ಅವರ ಸಣ್ಣ ಗಾತ್ರದ ಚಿತ್ರಗಳು ಸುಮಾರು 8 ಇಂಚು ಎತ್ತರ, 12.5 ಇಂಚು ಅಗಲ.

ಅಚ್ಚು ಹಳೆಯದು, ಬಣ್ಣ ಹೊಸದು, ಹೀಗೂ ಆಗುವುದುಂಟು. ಬಣ್ಣವಿಲ್ಲದ ಹಳೇ ಹಾಳೆಗೆ ಈಚೆಗೆ ಯಾರೋ ಬಣ್ಣ ಹಚ್ಚಿರುತ್ತಾರೆ. ಪತ್ತೆ ಮಾಡಲು ಒಂದು ಹರಿದ ಅಂಚು ಹುಡುಕಿ. ಬಣ್ಣ ಹಚ್ಚಿದ ಮೇಲೆ ಹರಿದಿದ್ದರೆ ಹರುಕಿನ ನಾರು ಬೆಳ್ಳಗೆ ಅಥವಾ ಕಂದಾಗಿ ಇರುತ್ತದೆ. ಹರಿದ ಮೇಲೆ ಹಚ್ಚಿದ್ದರೆ ಬಣ್ಣ ಆ ನಾರಿನೊಳಗೇ ಇಳಿದಿರುತ್ತದೆ. ಸವೆದ ಮಡಿಕೆಗಳಲ್ಲೂ ಇದೇ ಪರೀಕ್ಷೆ ನಡೆಯುತ್ತದೆ.

ಕಂದು ಬಣ್ಣದ ತೊಂದರೆಗಳು

ಹೆಚ್ಚಿನವರು ಕೇಳುವುದು ಇದನ್ನೇ. ಕಂದು ಅಂದರೆ ಒಂದೇ ರೋಗವಲ್ಲ. ಕಂದಿನ ಆಕಾರವೇ ಕಾರಣ ಹೇಳುತ್ತದೆ.

ಚಿತ್ರದ ಸುತ್ತ ಚೌಕಾಕಾರದ ಕಂದು ಗೆರೆ, ಫ್ರೇಮಿನೊಳಗೆ ಚಿತ್ರದ ಮೇಲಿಡುವ, ಕಿಟಕಿಯಂತೆ ಕತ್ತರಿಸಿದ ರಟ್ಟು, ಅಂದರೆ ಮೌಂಟ್ ಬೋರ್ಡಿನ ಅಂಚಿಗೆ ಸರಿಯಾಗಿ ಹೊಂದುತ್ತದೆ. ಇದು ಬೋರ್ಡಿನ ಆಮ್ಲ ಸುಟ್ಟ ಗುರುತು. ಬೋರ್ಡಿನ ಇಳಿಜಾರು ಕತ್ತರಿಕೆಯನ್ನು ನೋಡಿ. ಒಳತಿರುಳು ಹಳದಿ ಕಂದಾಗಿದ್ದರೆ ಅಪರಾಧಿ ಸಿಕ್ಕಿಬಿದ್ದಂತೆ. ಆಮ್ಲ ಇದೆಯೇ ಅಂತ ತೋರಿಸುವ ಪಿಎಚ್ ಪೆನ್ನು ಇದ್ದರೆ ಬೋರ್ಡಿನ ಮೇಲೆ ಒಂದು ಗೆರೆ ಎಳೆದು ಖಾತ್ರಿ ಮಾಡಿಕೊಳ್ಳಬಹುದು. ಆ ಪೆನ್ನು ಚಿತ್ರದ ಮೇಲೆ ಮಾತ್ರ ಬೇಡ, ಅದರ ಗುರುತು ಹೋಗುವುದಿಲ್ಲ.

ಚಿತ್ರದ ನಡುವೆ ಮೇಲಿಂದ ಕೆಳಗೆ ಒಂದು ನೇರ ಕಂದು ಪಟ್ಟೆ. ಸೈನಿಕರು, ಆಕಾಶ, ಹೆಸರು ಯಾವುದನ್ನೂ ಲೆಕ್ಕಿಸದೆ ಹಾದುಹೋಗುತ್ತದೆ. ಫ್ರೇಮು ತಿರುಗಿಸಿ. ಬೆನ್ನಿಗೆ ಎರಡು ಮರದ ಹಲಗೆ ಜೋಡಿಸಿರುತ್ತಾರೆ. ಅವೆರಡರ ನಡುವಿನ ಸಂದು ಪಟ್ಟೆ ಇದ್ದ ಕಡೆಯೇ ಇರುತ್ತದೆ. ಸಂದಿನಿಂದ ಧೂಳು, ಹೊಗೆ, ಗಾಳಿ ವರ್ಷಗಟ್ಟಲೆ ಒಳಗೆ ಹೋಗಿ ಆ ಜಾಗವನ್ನಷ್ಟೇ ಸುಟ್ಟಿವೆ. ಹಲಗೆಯಲ್ಲಿ ಗಂಟು ಇದ್ದರೆ ಆ ಗಂಟಿನ ಆಕಾರದ್ದೇ ಕಂದು ಮಚ್ಚೆ ಕಾಗದದಲ್ಲಿ ಮೂಡಿರುತ್ತದೆ. ಮರದ ರಾಳ ಅದಕ್ಕೆ ಕಾರಣ. ಹಾಳೆಯ ಹಿಂಬದಿಯಲ್ಲಿ ಮರದ ಎಳೆಗಳ ಪೂರ್ತಿ ನಕ್ಷೆಯೇ ಕಾಣುವುದೂ ಉಂಟು. ಈ ಹಲಗೆಯನ್ನು ತೆಗೆಯುವುದು ನೀವೇ ಮಾಡಬಹುದಾದ ಅತಿ ದೊಡ್ಡ ಉಪಕಾರ.

ಒಂದು ಮೂಲೆಯಿಂದ ಶುರುವಾಗಿ ಅಲೆಯಾಕಾರದಲ್ಲಿ ಮುಗಿಯುವ ಕಲೆ, ಅಂಚು ಕಡು ಕಂದು, ಒಳಗೆ ಸುಮಾರಾಗಿ ಬಿಳಿ. ಇದು ನೀರು. ಒದ್ದೆಯಾದ ಕಾಗದದ ಕೊಳೆ ನೀರಿನ ಜೊತೆ ಸರಿದು, ಒಣಗುವ ಅಂಚಿನಲ್ಲಿ ಬಂದು ನಿಂತಿದೆ. ಕಲೆಯೊಳಗೆ ಬಣ್ಣ ಇರುವ ಭಾಗ ಬಂದಿದ್ದರೆ ಅಲ್ಲಿ ಬಣ್ಣವೂ ಸರಿದಿದೆಯೇ ನೋಡಿ. ಆಮೇಲೆ ಹಾಳೆಯಿಂದ ಗೋಡೆಗೆ ಬನ್ನಿ. ಆ ಮೂಲೆ ತಾಗಿದ್ದ ಗೋಡೆ ತೇವ ಹಿಡಿದಿದೆಯೇ? ಗಾಜು ಒರೆಸುವಾಗ ನೀರು ಕೆಳಗಿನ ಅಂಚಿಗೆ ಇಳಿಯುತ್ತಿತ್ತೇ? ಮೂಲ ನಿಲ್ಲದೆ ಕಲೆಯ ಚಿಂತೆ ಮಾಡಿ ಉಪಯೋಗವಿಲ್ಲ.

ತುಕ್ಕಿನ ಬಣ್ಣದ ಚದುರಿದ ಚುಕ್ಕೆಗಳು. ಕಾಗದದಲ್ಲಿ ಸೇರಿದ ಕಬ್ಬಿಣದ ಕಣವೂ ಕಾರಣ, ಶಿಲೀಂಧ್ರವೂ ಕಾರಣ, ಎರಡಕ್ಕೂ ತೇವ ಬೇಕು. ಭೂತಗನ್ನಡಿಯಲ್ಲಿ ಚುಕ್ಕೆಯ ನಡುವೆ ಕಪ್ಪು ಬೊಟ್ಟು ಕಂಡರೆ ಕಬ್ಬಿಣದ ಅನುಮಾನ ಜಾಸ್ತಿ. ಮೇಲೆ ನೂಲಿನಂಥ ಎಳೆ, ಹತ್ತಿಯಂಥ ಪದರ ಇದ್ದರೆ ಅದು ಬೂಷ್ಟು, ಇನ್ನೂ ಜೀವಂತವಾಗಿದೆ. ಆ ಹಾಳೆಯನ್ನು ಬೇರೆ ಕಾಗದಗಳಿಂದ ಕೂಡಲೇ ದೂರ ಮಾಡಿ. ಮಾಸ್ಕ್ ಹಾಕಿಕೊಳ್ಳಿ, ಒಣಗಾಳಿ ಇರುವ ಕಡೆ ಇಡಿ, ಬಿಸಿಲಿಗೆ ಒಡ್ಡಬೇಡಿ. ಗಾಳಿಯ ತೇವಾಂಶ 65 ಶೇಕಡ ದಾಟಿದ ಕಡೆ ಬೂಷ್ಟು ಎದ್ದೇಳುತ್ತದೆ. ಮಾಮೂಲಿ ತೇವಮಾಪಕ ಒಂದನ್ನು ಅದೇ ಗೋಡೆಯ ಹತ್ತಿರ ಇಟ್ಟು ಕೆಲವು ದಿನ ಗಮನಿಸಿ.

ಇಡೀ ಹಾಳೆ ಒಂದೇ ಸಮ ಕಂದು, ಮೂಲೆ ಮುಟ್ಟಿದರೆ ಮುರಿಯುತ್ತದೆ. ಹಾಳೆಯನ್ನು ರಟ್ಟಿಗೆ ಪೂರ್ತಿ ಅಂಟಿಸಿದ್ದಾರೆಯೇ ನೋಡಿ. ಅಂಟಿಸಿದ್ದರೆ ಮುರಿಯುತ್ತಿರುವುದು ರಟ್ಟು, ಚಿತ್ರದ ಕಾಗದ ಅದರ ಜೊತೆ ಮುರಿಯುತ್ತಿದೆ. ಇದನ್ನು ಬಿಡಿಸುವುದು ಅನುಭವಿ ಕಾಗದ ಸಂರಕ್ಷಕರ, ಅಂದರೆ ಹಳೇ ಕಾಗದ ಉಳಿಸುವ ತಜ್ಞರ ಕೆಲಸ. ಮನೆಯಲ್ಲಿ ಮಾಡಬಹುದಾದ್ದು ಇಷ್ಟೇ: ಒಂದು ಗಟ್ಟಿ ಹಲಗೆಯ ಆಧಾರ ಕೊಟ್ಟು, ಬಾಗದಂತೆ ಮಲಗಿಸಿ ಇಡುವುದು.

ಬಣ್ಣ ಹೋಗಿದ್ದರೆ, ಬಣ್ಣ ಬದಲಾಗಿದ್ದರೆ

ಮೌಂಟ್ ಬೋರ್ಡನ್ನು ನಿಧಾನಕ್ಕೆ ಎತ್ತಿ, ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ಬಣ್ಣ ನೋಡಿ. ಅಲ್ಲಿ ಆಕಾಶ ಕಡು ನೀಲಿ, ಹೊರಗೆ ಬರೀ ಬೂದು ಆಗಿದ್ದರೆ ಮಾಡಿದ್ದು ಬೆಳಕು. ಎರಡೂ ಕಡೆ ಒಂದೇ ಥರ ಇದ್ದರೆ ಬಣ್ಣ ಮೊದಲಿಂದಲೇ ತೆಳು. ಯುದ್ಧದ ಚಿತ್ರಗಳಲ್ಲಿ ಮೊದಲು ಹಾರಿಹೋಗುವುದು ಬಾವುಟದ ಕೆಂಪು ಪಟ್ಟೆಗಳು. ಕೊಚಿನೀಲ್ ಹುಳದಿಂದ ತೆಗೆದ ಕೆಂಪು ಬೆಳಕಿಗೆ ನಿಲ್ಲುವುದಿಲ್ಲ. ಅದೇ ಹಾಳೆಯಲ್ಲಿ ಸಿಂಧೂರದ ಥರದ ಖನಿಜ ಕೆಂಪು ಗಟ್ಟಿಯಾಗಿ ಉಳಿದಿರಬಹುದು. ಬಾವುಟ ಗುಲಾಬಿ, ಪಕ್ಕದವನ ನಡುಪಟ್ಟಿ ಕಡುಗೆಂಪು, ಇದನ್ನು ನೋಡಿ ಯಾರೋ ಆಮೇಲೆ ಬಣ್ಣ ಹಚ್ಚಿದ್ದಾರೆ ಅಂತ ಹೇಳಬೇಡಿ. ಎರಡು ಕೆಂಪುಗಳು ಎರಡು ಥರ ವಯಸ್ಸಾಗಿವೆ.

ಗಿಡಮರ ನೀಲಿಯಾಗಿದ್ದರೆ? ಹಸಿರನ್ನು ನೀಲಿ, ಹಳದಿ ಬೆರೆಸಿ ಮಾಡಿದ್ದರು. ಸಸ್ಯಮೂಲದ ಹಳದಿ ಹಾರಿ ನೀಲಿ ಉಳಿದಿದೆ.

ಹಸಿರು ಇದ್ದ ಕಡೆ ಕಾಗದದ ಹಿಂಬದಿಗೂ ಕಂದು ಇಳಿದು, ಹುಲ್ಲುನೆಲದ ಆಕಾರವೇ ಬೆನ್ನಲ್ಲಿ ಮೂಡಿದ್ದರೆ ಅದು ತಾಮ್ರದ ಹಸಿರು. ತಾಮ್ರ ಕಾಗದವನ್ನು ಒಳಗಿಂದ ತಿನ್ನುತ್ತದೆ. ಟಾರ್ಚಿನ ಬೆಳಕು ಹಿಂದಿನಿಂದ ಬಿಟ್ಟರೆ ಆ ಜಾಗದಲ್ಲಿ ಕೂದಲೆಳೆಯ ಬಿರುಕುಗಳು ಕಾಣಬಹುದು. ಕಂಡರೆ ಹಾಳೆ ಎತ್ತುವುದನ್ನೇ ನಿಲ್ಲಿಸಿ. ಇದು ಬೇಗ ಸಂರಕ್ಷಕರ ಹತ್ತಿರ ಹೋಗಬೇಕಾದ ದೋಷಗಳಲ್ಲೊಂದು.

ಬಿಳಿ ಇರಬೇಕಾದ ಕಡೆ ಕಪ್ಪು, ಅದೂ ಕುಂಚದ ಹೊಡೆತದ ಒಳಗೇ. ಬಿಳಿ ಕುದುರೆಯ ಮೇಲಿನ ಬೆಳಕಿನ ಗೆರೆ ಬೂದು ಬೂದಾಗಿ ಲೋಹದಂತೆ ಹೊಳೆಯುತ್ತಿದೆ. ಸೀಸದ ಬಿಳಿ ಗಾಳಿಯಲ್ಲಿನ ಗಂಧಕದ ಜೊತೆ ಸೇರಿ ಕಪ್ಪಾಗಿದೆ. ಮಸಿಯಾದರೆ ಸುತ್ತಲೂ ಹರಡಿರುತ್ತದೆ, ಹೀಗೆ ಗೆರೆ ಹಿಡಿದು ನಿಲ್ಲುವುದಿಲ್ಲ. ಒರೆಸಿದರೆ ಹೋಗುವುದಿಲ್ಲ, ಒರೆಸಲೂಬಾರದು. ಕೆಲವು ಸಲ ಸಂರಕ್ಷಕರು ಇದನ್ನು ರಾಸಾಯನಿಕವಾಗಿ ಬಿಳಿಗೆ ತರಬಲ್ಲರು.

ಸೈನಿಕರ ಅಂಗಿಯ ನೀಲಿಯ ಬಗ್ಗೆ ಒಂದು ಮಾತು, ಯಾಕೆಂದರೆ ಒಳ್ಳೆಯದು ಮಾಡಲು ಹೋಗಿ ಇಲ್ಲೇ ಕೆಡಿಸುತ್ತಾರೆ. ಆ ಕಾಲದಲ್ಲಿ ಹೆಚ್ಚು ಬಳಕೆಯಲ್ಲಿದ್ದ ನೀಲಿ ಪ್ರಷ್ಯನ್ ನೀಲಿ. ಬೆಳಕಿಗೆ ಮಂಕಾಗುತ್ತದೆ, ಕತ್ತಲಲ್ಲಿ ಇಟ್ಟರೆ ತುಸು ಮರಳುವುದೂ ಉಂಟು. ಆದರೆ ಕ್ಷಾರಕ್ಕೆ ಇದು ಆಗುವುದಿಲ್ಲ, ಕಂದಾಗುತ್ತದೆ. ಕಾಗದದ ಆಮ್ಲ ತೆಗೆಯುತ್ತೇವೆ ಅಂತ ಮಾರುವ ಸ್ಪ್ರೇಗಳು ಕ್ಷಾರೀಯವೇ. ಹತ್ತಿರ ತರಬೇಡಿ. ಬೋರ್ಡು ಕೊಳ್ಳುವಾಗಲೂ 'ಆಸಿಡ್ ಫ್ರೀ' ಅಂದರೆ ಸಾಲದು. ಕ್ಷಾರ ಸೇರಿಸದ, ಅಂದರೆ 'ಅನ್‌ಬಫರ್ಡ್' ಹತ್ತಿ ಬೋರ್ಡು ಕೇಳಿ. ನೀಲಿ ಈಗಾಗಲೇ ಕಂದಾಗಿದ್ದರೆ ಈ ಹಿಂದೆ ಯಾರಾದರೂ 'ಚಿಕಿತ್ಸೆ' ಕೊಟ್ಟಿದ್ದರೇ ಅಂತ ಮೊದಲು ವಿಚಾರಿಸಿ.

ಹಾಗೇ, ಕಾಗದ ಅಸಹಜವಾಗಿ ಬೆಳ್ಳಗೆ, ಬಣ್ಣವೆಲ್ಲ ಪೇಲವ, ಕಪ್ಪು ಗೆರೆ ಮಾತ್ರ ಗಟ್ಟಿ, ಕಾಗದ ಮುಟ್ಟಿದರೆ ಮೆತ್ತಗೆ ಜೀವವಿಲ್ಲದಂತೆ. ಇದು ಬ್ಲೀಚ್ ಹಾಕಿ ತೊಳೆದ ಹಾಳೆ. ಇದಕ್ಕೆ ಮನೆಮದ್ದಿಲ್ಲ.

ಆಕಾರ ಕೆಟ್ಟಿದ್ದರೆ

ಅಲೆಯೆದ್ದ ಕಾಗದ ಕಂಡರೆ ಅಂಚುಗಳನ್ನು ಹೇಗೆ ಹಿಡಿಸಿದ್ದಾರೆ ನೋಡಿ. ತೇವ ಏರಿದಾಗ ಕಾಗದ ಹಿಗ್ಗುತ್ತದೆ. ನಾಲ್ಕೂ ಕಡೆ ಅಂಟಿಸಿಬಿಟ್ಟರೆ ಹಿಗ್ಗಲು ಜಾಗವಿಲ್ಲದೆ ನಡುವೆ ಉಬ್ಬುತ್ತದೆ. ಇಸ್ತ್ರಿ ಪೆಟ್ಟಿಗೆ ಇದಕ್ಕೆ ಉತ್ತರವಲ್ಲ.

ಗಾಜಿಗೆ ಅಂಟಿಕೊಂಡಿದೆಯೇ ಅಂತ ತಿಳಿಯಲು ಗಾಜಿನ ಮೇಲೆ ಪಕ್ಕದಿಂದ ಟಾರ್ಚು ಬಿಡಿ. ಅಂಟಿದ ಜಾಗ ಒದ್ದೆಯಾದಂತೆ ಗಾಢವಾಗಿ ಕಾಣುತ್ತದೆ, ಉಳಿದ ಕಡೆ ಗಾಜಿಗೂ ಕಾಗದಕ್ಕೂ ನಡುವೆ ಸಣ್ಣ ನೆರಳು ಬೀಳುತ್ತದೆ. ಬಣ್ಣದಲ್ಲಿನ ಗೋಂದೇ ತೇವಕ್ಕೆ ಕರಗಿ ಅಂಟಾಗಿ ಕೆಲಸ ಮಾಡಿದೆ. ಎಳೆದರೆ ಸೇನಾಪತಿಯ ಮುಖ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತ ಹಾಗೇ ಸಂರಕ್ಷಕರಿಗೆ ಕೊಡಿ.

ಸೆಲ್ಲೊಟೇಪ್ ಹಾಕಿದ್ದರೆ ಅದರ ವಯಸ್ಸು ನೋಡಿ. ಇನ್ನೂ ತಿಳಿಯಾಗಿ ಜಿಗುಟಾಗಿದ್ದರೆ ಅಂಟು ಮೇಲಿದೆ. ಹಳದಿಯಾಗಿ ಎಣ್ಣೆ ಬಿಟ್ಟಂತಿದ್ದರೆ ಅಂಟು ಕಾಗದದೊಳಗೆ ಇಳಿಯುತ್ತಿದೆ, ತಡ ಮಾಡಬಾರದು. ಟೇಪು ಒಣಗಿ ತಾನೇ ಉದುರಿ ಕಂದು ಪಟ್ಟಿ ಉಳಿದಿದ್ದರೆ ಆಗಬೇಕಾದ ಹಾನಿ ಆಗಿಹೋಗಿದೆ. ಯಾವ ಹಂತದಲ್ಲೂ ಹೇರ್ ಡ್ರೈಯರ್ ಬೇಡ.

ಹುಳದ ವಿಷಯ ಚಿಕ್ಕದು. ಕಾಗದದ ಮೇಲ್ಪದರ ಅಲ್ಲಲ್ಲಿ ಕೆರೆದಂತೆ ತೆಳ್ಳಗಾಗಿದ್ದರೆ ಸಿಲ್ವರ್‌ಫಿಶ್. ಗುಂಡಗಿನ ತೂತು ಹಲಗೆಯಿಂದ ಚಿತ್ರದವರೆಗೆ ಒಂದೇ ನೇರಕ್ಕೆ ಇದ್ದರೆ ಮರದ ಹುಳ. ತೂತಿನ ಕೆಳಗೆ ಹೊಸ ಪುಡಿ ಬಿದ್ದಿದ್ದರೆ ಹುಳ ಇನ್ನೂ ಅಲ್ಲೇ ಇದೆ, ಫ್ರೇಮನ್ನು ಮನೆಯಿಂದ ಹೊರಗಿಡಿ.

ನೀವು ಮಾಡಬಹುದಾದ್ದು

ಹಿಂಬದಿ ಹಲಗೆ, ಕೆಟ್ಟ ಮೌಂಟ್ ಬೋರ್ಡು ತೆಗೆಯಬಹುದು, ಚಿತ್ರ ಅವಕ್ಕೆ ಅಂಟಿಲ್ಲದಿದ್ದರೆ. ಬಣ್ಣವಿಲ್ಲದ ಬಿಳಿ ಅಂಚಿನ ಧೂಳನ್ನು ಮೆತ್ತನೆ ಕುಂಚದಿಂದ ಹೊರಕ್ಕೆ ಸರಿಸಬಹುದು. ಬಣ್ಣದ ಮೇಲೆ ಕುಂಚ ಬೇಡ. ರಬ್ಬರ್, ಬ್ರೆಡ್ಡು, ನೀರಿನ ಹತ್ತಿ, ಸ್ಪಿರಿಟ್ ಯಾವುದೂ ಬೇಡ. ಅಂಚು ಕೊಳಕಾಗಿದೆ ಅಂತ ಕತ್ತರಿಸುವುದಂತೂ ಖಂಡಿತ ಬೇಡ. ಆ ಅಂಚಿನಲ್ಲೇ ಹೆಸರು, ವರ್ಷ, ವಿಳಾಸ ಇರುವುದು.

ಸಂರಕ್ಷಕರ ಹತ್ತಿರ ಹೋಗುವ ಮೊದಲು ಹಾಳೆಯ ಮುಂದೆ, ಹಿಂದೆ, ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಹಳೇ ಫ್ರೇಮಿನ ಹಿಂಬದಿಯ ಫೋಟೊವನ್ನೂ ಸೇರಿಸಿ. ಚಿತ್ರ ಎಲ್ಲಿ ನೇತುಹಾಕಿತ್ತು, ಯಾವ ದಿಕ್ಕಿನ ಬೆಳಕು ಬೀಳುತ್ತಿತ್ತು, ಹಿಂದೆ ಯಾರಾದರೂ ತೊಳೆದಿದ್ದರೇ, ಇದನ್ನೆಲ್ಲ ಬರೆದಿಡಿ. ಕಲೆಯ ಫೋಟೊ ಒಂದೇ ಇದ್ದರೆ ಅವರೂ ಊಹಿಸಬೇಕಾಗುತ್ತದೆ. ಹಲಗೆಯ ಫೋಟೊ ಜೊತೆಗಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮತ್ತೆ ಫ್ರೇಮು ಹಾಕಿಸುವಾಗ ಹತ್ತಿ ಬೋರ್ಡು, ಯುವಿ ತಡೆಯುವ ಗಾಜು ಅಥವಾ ಅಕ್ರಿಲಿಕ್ ಹಾಳೆ ಕೇಳಿ. ಬಣ್ಣದ ಪುಡಿ ಉದುರುವ ಹಾಳೆಗೆ ಅಕ್ರಿಲಿಕ್ ಬೇಡ, ಅದು ಸ್ಥಾಯೀ ವಿದ್ಯುತ್ತಿನಿಂದ ಪುಡಿಯನ್ನು ಎಳೆಯುತ್ತದೆ. ಚಿತ್ರ ಗಾಜಿಗೆ ತಾಗದಂತೆ ನಡುವೆ ಜಾಗ ಇರಬೇಕು. ಹಾಳೆಯನ್ನು ಮೇಲಿನ ಅಂಚಿನಲ್ಲಿ ಎರಡೇ ಕಡೆ, ಜಪಾನಿ ಕಾಗದದ ಸಣ್ಣ ಪಟ್ಟಿ ಮತ್ತು ಗೋಧಿ ಗಂಜಿಯ ಅಂಟಿನಿಂದ ನೇತುಹಾಕಿದರೆ ಸಾಕು, ಕೆಳಗೆ ಹಿಗ್ಗಲು ಕುಗ್ಗಲು ಬಿಡಬೇಕು. ತೇವದ ಗೋಡೆ, ಬಿಸಿಲು ಬೀಳುವ ಗೋಡೆ, ಅಡುಗೆಮನೆಯ ಗೋಡೆ ಮೂರೂ ಬೇಡ. ಕಾಗದದ ಚಿತ್ರಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ಬೆಳಕಿನ ಮಿತಿ 50 ಲಕ್ಸ್ (ಬೆಳಕು ಅಳೆಯುವ ಮಾನ). ಅಲ್ಲೂ ವರ್ಷಪೂರ್ತಿ ತೂಗುಹಾಕುವುದಿಲ್ಲ, ಕೆಲವು ತಿಂಗಳಾದ ಮೇಲೆ ತೆಗೆದು ಒಳಗಿಡುತ್ತಾರೆ. ಫೋನಿನ ಲಕ್ಸ್ ಮೀಟರ್ ಅಂದಾಜು ತಿಳಿಯೋಕೆ ಸಾಕು.

ತೆಗೆದ ಹಳೇ ಹಲಗೆಯನ್ನು ಎಸೆಯುವ ಮುಂಚೆ ಎರಡೂ ಬದಿ ನೋಡಿ. ಫ್ರೇಮು ಹಾಕಿದ ಅಂಗಡಿಯ ಚೀಟಿ, ಪೆನ್ಸಿಲಿನಲ್ಲಿ ಬರೆದ ಹೆಸರು, ತಾರೀಕು ಇರಬಹುದು. ಇದ್ದರೆ ಫೋಟೊ ತೆಗೆದು, ಹಲಗೆಯನ್ನು ಪಾಲಿಥೀನ್ ಚೀಲದಲ್ಲಿ ಹಾಕಿ ಬೇರೆ ಕಡೆ ಇಡಿ. ಚಿತ್ರ ಇರುವ ಪೆಟ್ಟಿಗೆಯಲ್ಲಿ ಮಾತ್ರ ಅದನ್ನು ಇಡಬೇಡಿ.